ಕೆಟಲ್ ಸ್ಪೆಲಿಂಗ್ ತಪ್ಪು ಬರೆದ ಹುಡುಗ

ಪ್ರೀತಿಯ ಗೆಳೆಯ ಗೆಳತಿಯರೇ, ಈ ಸಲದ ಗೋಡೆ ಪತ್ರಿಕೆಗೆ ಮಹಾಪುರುಷರ ಜೀವನ ಚರಿತ್ರೆ ಬರೆಯುವ ಸರದಿ ನನ್ನದು. ನಾನು ಗಾಂಧೀಜಿಯವರ ಬಗ್ಗೆ ಬರೀತೀನಿ ಅಂದಾಗ ಕೆಲವರು ನಕ್ಕರು. ಗಾಂಧೀಜಿ ವಿಷಯ ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು, ನೀನು ಹೊಸದೇನು ಬರೀತೀಯ ಅಂತ ಕೇಳಿದರು. ನಿಜ. ಉಪ್ಪಿನ ಸತ್ಯಾಗ್ರಹ, ಚರಕ, ಕನ್ನಡಕ, ಕೋಲು ಎಲ್ಲರಿಗೂ ಗೊತ್ತು. ಆದರೆ ಗಾಂಧೀಜಿಗೂ ಚಿಕ್ಕವರಿದ್ದಾಗ ನಮ್ಮ ಹಾಗೇ ಇಂಗ್ಲಿಷ್ ಬರ್ತಿರಲಿಲ್ಲ ಅನ್ನೋದು ಎಷ್ಟು ಜನಕ್ಕೆ ಗೊತ್ತು? ನನಗೂ ಗೊತ್ತಿರಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತೇನೆ.

ಅದಕ್ಕೆ ಮೊದಲು ನನ್ನದೊಂದು ತಪ್ಪು ಹೇಳಬೇಕು. ಮೊನ್ನೆ ಕಿರುಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ನಮ್ಮ ಹಳ್ಳಿ ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆಯಿರಿ ಅಂತ ಪ್ರಶ್ನೆ ಬಂದಿತ್ತು. ನಾನು ಗೈಡಿನಲ್ಲಿದ್ದ ಪ್ರಬಂಧವನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹಾಗೇ ಇಳಿಸಿಬಿಟ್ಟೆ. ಅದರಲ್ಲಿ ನಮ್ಮ ಹಳ್ಳಿಯ ಪಕ್ಕ ಒಂದು ಸುಂದರವಾದ ನದಿ ಹರಿಯುತ್ತದೆ ಅಂತ ಇತ್ತು. ನಮ್ಮೂರಲ್ಲಿ ನದಿ ಎಲ್ಲಿದೆ? ಇರೋದು ಒಂದು ಕೆರೆ. ಅದೂ ಬೇಸಿಗೇಲಿ ಒಣಗಿದರೆ ನಾವು ಅಲ್ಲೇ ಕ್ರಿಕೆಟ್ ಆಡ್ತೀವಿ. ಪೇಪರ್ ತಿದ್ದಿ ತಂದ ದಿನ ಮೇಷ್ಟ್ರು ಹನ್ನೊಂದು ಪೇಪರುಗಳನ್ನು ಬೇರೆ ಇಟ್ಟರು. ಈ ಹನ್ನೊಂದು ಜನ ನಾಳೆ ನನ್ನನ್ನ ಆ ನದಿ ಹತ್ತಿರ ಕರಕೊಂಡು ಹೋಗಿ, ಸ್ನಾನ ಮಾಡಿಕೊಂಡು ಬರೋಣ ಅಂದರು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಮನೆಗೆ ಹೋಗುವಾಗ ಅಳು ಬಂತು. ಏಕೆಂದರೆ ಗೈಡು ಬಿಟ್ಟರೆ ನನಗೆ ಇಂಗ್ಲಿಷಿನಲ್ಲಿ ಸ್ವಂತವಾಗಿ ಒಂದು ವಾಕ್ಯ ಬರೆಯುವುದಕ್ಕೂ ಧೈರ್ಯವಿರಲಿಲ್ಲ. ಮುಂದಿನ ವರ್ಷ ಹೈಸ್ಕೂಲು. ಅಲ್ಲಿ ಏನು ಮಾಡೋದು ಅಂತ ಭಯವಾಯಿತು.

ಆ ವಾರ ನಮ್ಮ ಶಾಲೆಯ ಪುಸ್ತಕದ ಪೆಟ್ಟಿಗೆಯಿಂದ ಗಾಂಧೀಜಿಯವರ ಆತ್ಮಕಥೆ ತೆಗೆದುಕೊಂಡು ಹೋದೆ. ದೊಡ್ಡ ಪುಸ್ತಕ. ಮೊದಲ ಕೆಲವು ಪುಟಗಳಲ್ಲೇ ನನ್ನಂಥ ಹುಡುಗನೊಬ್ಬ ಸಿಕ್ಕಿದ.

ಬಾಲ್ಯ ಮತ್ತು ಶಾಲೆ

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದ್ದು 1869 ರ ಅಕ್ಟೋಬರ್ 2 ರಂದು ಗುಜರಾತಿನ ಪೋರಬಂದರಿನಲ್ಲಿ. ತಂದೆ ಕರಮಚಂದ ಗಾಂಧಿ ದಿವಾನರಾಗಿದ್ದರು. ತಾಯಿ ಪುತಲೀಬಾಯಿ. ಮನೆಮಾತು ಗುಜರಾತಿ. ಪೋರಬಂದರಿನ ಶಾಲೆಯಲ್ಲಿ ಮೋಹನದಾಸನಿಗೆ ಮಗ್ಗಿ ಕಲಿಯುವುದೇ ಕಷ್ಟವಾಗಿತ್ತಂತೆ. ಆಮೇಲೆ ತಂದೆಯ ಜೊತೆ ರಾಜಕೋಟೆಗೆ ಬಂದು ಅಲ್ಲಿ ಓದು ಮುಂದುವರಿಸಿದ. ಬಹಳ ನಾಚಿಕೆ ಸ್ವಭಾವ. ಬೆಲ್ಲು ಹೊಡೆಯುವ ಹೊತ್ತಿಗೆ ಶಾಲೆಗೆ ಹೋಗುವುದು, ಶಾಲೆ ಬಿಟ್ಟ ಕೂಡಲೇ ಮನೆಗೆ ಓಡಿಬರುವುದು. ಯಾರಾದರೂ ಮಾತಾಡಿಸಿ ಗೇಲಿ ಮಾಡಿಯಾರು ಅಂತ ಹೆದರಿಕೆ.

ಹೈಸ್ಕೂಲಿನ ಮೊದಲ ವರ್ಷ ಇನ್ಸ್‌ಪೆಕ್ಟರ್ ಬಂದರು. ಹುಡುಗರಿಗೆ ಐದು ಇಂಗ್ಲಿಷ್ ಪದ ಹೇಳಿ ಸ್ಪೆಲಿಂಗ್ ಬರೆಯಿರಿ ಅಂದರು. ಅದರಲ್ಲಿ ಒಂದು ಕೆಟಲ್. ಅಂದರೆ ನೀರು ಕಾಯಿಸುವ ಪಾತ್ರೆ. ಮೋಹನದಾಸ ತಪ್ಪು ಬರೆದ. ಅವನ ಮೇಷ್ಟ್ರು ಬೂಟಿನ ತುದಿಯಿಂದ ಅವನ ಕಾಲನ್ನು ತಟ್ಟಿ, ಪಕ್ಕದವನ ಸ್ಲೇಟು ನೋಡಿ ಬರಕೋ ಅಂತ ಸನ್ನೆ ಮಾಡಿದರು. ಮೋಹನದಾಸನಿಗೆ ಅದು ಅರ್ಥವೇ ಆಗಲಿಲ್ಲ. ಮೇಷ್ಟ್ರು ಇರೋದು ಕಾಪಿ ಹೊಡೆಯದಂತೆ ನೋಡಿಕೊಳ್ಳೋದಕ್ಕೆ ಅಂತ ಅವನು ತಿಳಿದುಕೊಂಡಿದ್ದ. ಕಡೆಗೆ ಎಲ್ಲ ಹುಡುಗರ ಐದು ಪದವೂ ಸರಿಯಾಗಿದ್ದವು, ಮೋಹನದಾಸ ಒಬ್ಬನದು ತಪ್ಪಾಗಿತ್ತು. ನೀನು ಎಂಥ ಪೆದ್ದ ಅಂತ ಮೇಷ್ಟ್ರು ಆಮೇಲೆ ತಿಳಿಸಿ ಹೇಳಲು ನೋಡಿದರು. ಆದರೂ ಅವನಿಗೆ ಕಾಪಿ ಮಾಡುವ ವಿದ್ಯೆ ಬರಲೇ ಇಲ್ಲ. ಆ ಮೇಷ್ಟ್ರ ಮೇಲಿನ ಗೌರವವೂ ಕಡಿಮೆಯಾಗಲಿಲ್ಲ.

ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅವರ ಕ್ಲಾಸಿನಲ್ಲಿ ತಪ್ಪು ಬರೆದವನು ಒಬ್ಬ. ನಮ್ಮ ಕ್ಲಾಸಿನಲ್ಲಿ ಇಲ್ಲದ ನದಿಯನ್ನು ಸ್ಪೆಲಿಂಗ್ ಸರಿಯಾಗಿ ಬರೆದವರು ಹನ್ನೊಂದು ಜನ!

ಇಂಗ್ಲಿಷಿನಲ್ಲಿ ಪಾಠ

ನನ್ನ ಈಗಿನ ವಯಸ್ಸಿನಲ್ಲೇ, ಅಂದರೆ ಹದಿಮೂರನೇ ವರ್ಷಕ್ಕೆ, ಮೋಹನದಾಸನಿಗೆ ಕಸ್ತೂರಬಾ ಜೊತೆ ಮದುವೆ ಮಾಡಿಬಿಟ್ಟರು. ಅದರಿಂದ ಓದಿನಲ್ಲಿ ಒಂದು ವರ್ಷ ಹಾಳಾಯಿತು. ಆ ವರ್ಷವನ್ನು ಸರಿತೂಗಿಸಲು ಮೂರನೇ ತರಗತಿಯಲ್ಲಿ ಆರೇ ತಿಂಗಳು ಓದಿಸಿ ನಾಲ್ಕಕ್ಕೆ ಹತ್ತಿಸಿದರು. ಅಲ್ಲಿನ ಹೈಸ್ಕೂಲಿನಲ್ಲಿ ನಾಲ್ಕನೇ ತರಗತಿಯಿಂದ ಹೆಚ್ಚಿನ ವಿಷಯಗಳು ಇಂಗ್ಲಿಷಿನಲ್ಲಿ. ರೇಖಾಗಣಿತ ಬೇರೆ ಹೊಸದು. ಮೇಷ್ಟ್ರು ಚೆನ್ನಾಗಿ ಪಾಠ ಮಾಡುತ್ತಿದ್ದರು, ಆದರೆ ಇವನಿಗೆ ಏನೂ ತಿಳಿಯುತ್ತಿರಲಿಲ್ಲ. ವಾಪಸ್ ಮೂರನೇ ತರಗತಿಗೇ ಹೋಗೋಣ ಅಂತ ಎಷ್ಟೋ ಸಲ ಅನ್ನಿಸಿತಂತೆ. ಹಾಗೆ ಹೋದರೆ ತನ್ನನ್ನು ನಂಬಿ ಮೇಲಕ್ಕೆ ಹತ್ತಿಸಿದ ಮೇಷ್ಟ್ರಿಗೆ ಅವಮಾನ ಅಂತ ಅಲ್ಲೇ ಉಳಿದ. ಹಟ ಹಿಡಿದು ಓದಿದ. ಹದಿಮೂರನೇ ಪ್ರಮೇಯಕ್ಕೆ ಬರುವ ಹೊತ್ತಿಗೆ ರೇಖಾಗಣಿತ ಸುಲಭ ಅಂತ ಗೊತ್ತಾಯಿತು.

ದೊಡ್ಡವರಾದ ಮೇಲೆ ಗಾಂಧೀಜಿ ಇದರ ಬಗ್ಗೆ ಯೋಚಿಸಿ ಒಂದು ಮಾತು ಹೇಳಿದ್ದಾರೆ. ಆ ಪಾಠಗಳನ್ನೆಲ್ಲ ಗುಜರಾತಿಯಲ್ಲೇ ಹೇಳಿಕೊಟ್ಟಿದ್ದರೆ ನಾಲ್ಕು ವರ್ಷದ ಓದನ್ನು ಒಂದೇ ವರ್ಷದಲ್ಲಿ ಕಲಿಯಬಹುದಾಗಿತ್ತು ಎಂಬುದು ಅವರ ಅಭಿಪ್ರಾಯ. ಅಂದರೆ ಅವರಿಗೆ ಇಂಗ್ಲಿಷ್ ಮೇಲೆ ದ್ವೇಷ ಇರಲಿಲ್ಲ. ಮನೆಮಾತಿನಲ್ಲಿ ತಿಳಿದುಕೊಂಡರೆ ಬೇಗ ತಿಳಿಯುತ್ತದೆ ಅಂತ ಅವರ ಅನುಭವ. ಕನ್ನಡ ಮೀಡಿಯಂ ಅಂತ ನಾಚಿಕೆಪಡುವ ನಮ್ಮಂಥವರಿಗೆ ಇದು ಸಮಾಧಾನದ ಮಾತು.

ಅಪ್ಪನಿಗೆ ಬರೆದ ಚೀಟಿ

ಹದಿನೈದನೇ ವಯಸ್ಸಿನಲ್ಲಿ ಮೋಹನದಾಸ ಅಣ್ಣನ ಸಾಲ ತೀರಿಸಲು ಅಣ್ಣನದೇ ಚಿನ್ನದ ಕಡಗದಿಂದ ಒಂದು ಚೂರು ಚಿನ್ನ ಕದ್ದ. ಸಾಲವೇನೋ ತೀರಿತು. ಆದರೆ ಮನಸ್ಸು ತಡೆಯಲಿಲ್ಲ. ಅಪ್ಪನ ಎದುರಿಗೆ ನಿಂತು ಹೇಳಲು ಬಾಯಿ ಬರಲಿಲ್ಲ. ಅದಕ್ಕೆ ಒಂದು ಚೀಟಿಯಲ್ಲಿ ತನ್ನ ತಪ್ಪನ್ನು ಬರೆದ. ತಪ್ಪು ಮಾಡಿದ್ದೇನೆ, ಸರಿಯಾದ ಶಿಕ್ಷೆ ಕೊಡಿ, ನನ್ನ ತಪ್ಪಿಗೆ ನಿಮ್ಮನ್ನು ನೀವು ದಂಡಿಸಿಕೊಳ್ಳಬೇಡಿ, ಇನ್ನು ಮುಂದೆ ಕದಿಯುವುದಿಲ್ಲ ಎಂದು ಬರೆದು ನಡುಗುತ್ತಾ ಅಪ್ಪನ ಕೈಗೆ ಕೊಟ್ಟ. ಅಪ್ಪ ಕಾಯಿಲೆಯಿಂದ ಮಲಗಿದ್ದರು. ಎದ್ದು ಕುಳಿತು ಓದಿದರು. ಕಣ್ಣೀರು ಹರಿದು ಚೀಟಿ ಒದ್ದೆಯಾಯಿತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡು, ಆಮೇಲೆ ಚೀಟಿ ಹರಿದು ಹಾಕಿ ಮಲಗಿದರು. ಒಂದು ಬೈಗುಳವಿಲ್ಲ, ಒಂದು ಏಟಿಲ್ಲ. ಮೋಹನದಾಸನೂ ಅತ್ತ.

ಗೆಳೆಯರೇ, ನನಗೆ ಅನ್ನಿಸುವ ಹಾಗೆ ಗಾಂಧೀಜಿ ಬರೆದದ್ದರಲ್ಲೆಲ್ಲ ಇದೇ ದೊಡ್ಡ ಬರವಣಿಗೆ. ಇದರಲ್ಲಿ ಕಷ್ಟದ ಶಬ್ದ ಒಂದೂ ಇದ್ದಿರಲಾರದು. ಇದ್ದದ್ದು ನಿಜ ಮಾತ್ರ.

ಲಂಡನ್ನಿನಲ್ಲಿ

1887 ರಲ್ಲಿ ಮೋಹನದಾಸ ಮೆಟ್ರಿಕ್ ಪಾಸು ಮಾಡಿದರು. ಭಾವನಗರದ ಕಾಲೇಜು ಸೇರಿದರೆ ಅಲ್ಲಿ ಪ್ರೊಫೆಸರರ ಪಾಠ ಒಂದೂ ಹಿಡಿಯಲಿಲ್ಲ. ಮೊದಲ ಅವಧಿ ಮುಗಿಸಿ ಮನೆಗೆ ಬಂದುಬಿಟ್ಟರು. ಆಗ ಮನೆಯವರ ಸ್ನೇಹಿತರೊಬ್ಬರು ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆಗಲಿ ಅಂತ ಸಲಹೆ ಕೊಟ್ಟರು. 1888 ರ ಸೆಪ್ಟೆಂಬರ್ 4 ರಂದು ಮುಂಬಯಿಯಿಂದ ಹಡಗು ಹತ್ತಿದರು.

ಹಡಗಿನಲ್ಲಿ ಹೆಚ್ಚಿನವರು ಇಂಗ್ಲಿಷರು. ಅವರು ಮಾತಾಡಿದರೆ ಇವರಿಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾದರೂ ಉತ್ತರ ಕೊಡಲು ಆಗುತ್ತಿರಲಿಲ್ಲ. ಪ್ರತಿಯೊಂದು ವಾಕ್ಯವನ್ನೂ ಮೊದಲು ಮನಸ್ಸಿನಲ್ಲಿ ಜೋಡಿಸಿಕೊಂಡು ಆಮೇಲೆ ಬಾಯಿಬಿಡಬೇಕಾಗಿತ್ತು. ಅಷ್ಟರಲ್ಲಿ ಎದುರಿನವರು ಹೊರಟೇ ಹೋಗಿರುತ್ತಿದ್ದರೋ ಏನೋ! ಜೊತೆಯಲ್ಲಿದ್ದ ಮಜುಮದಾರ್ ಎಂಬ ವಕೀಲರು, ಇಂಗ್ಲಿಷ್ ನಮ್ಮ ಭಾಷೆ ಅಲ್ಲ, ತಪ್ಪು ಆಗೇ ಆಗುತ್ತೆ, ಆದರೂ ಮಾತಾಡು ಅಂತ ಧೈರ್ಯ ಹೇಳಿದರು. ಇವರು ಮಾತ್ರ ಊಟದ ಮನೆಗೂ ಹೋಗದೆ, ಮನೆಯಿಂದ ತಂದಿದ್ದ ಸಿಹಿತಿಂಡಿ ಹಣ್ಣು ತಿನ್ನುತ್ತಾ ಕೋಣೆಯಲ್ಲೇ ಕುಳಿತರು.

ಲಂಡನ್ನಿನಲ್ಲಿ ಅವರು ಒಂದು ಒಳ್ಳೆಯ ಅಭ್ಯಾಸ ಮಾಡಿಕೊಂಡರು. ಭಾರತದಲ್ಲಿದ್ದಾಗ ಅವರು ಒಂದು ದಿನವೂ ವೃತ್ತಪತ್ರಿಕೆ ಓದಿದವರಲ್ಲ. ಅಲ್ಲಿ ದಿನಾ ಮೂರು ಇಂಗ್ಲಿಷ್ ಪತ್ರಿಕೆಗಳ ಮೇಲೆ ಕಣ್ಣಾಡಿಸತೊಡಗಿದರು. ಇದಕ್ಕೆ ಒಂದು ಗಂಟೆಯೂ ಹಿಡಿಯುತ್ತಿರಲಿಲ್ಲವಂತೆ. ಜೊತೆಗೆ ಇಂಗ್ಲಿಷಿನಲ್ಲಿ ದಿನಚರಿ ಬರೆಯಲು ಶುರು ಮಾಡಿದರು.

ಬ್ಯಾರಿಸ್ಟರ್ ಓದಿಗೆ ಸಮಯ ಬಹಳ ಉಳಿಯುತ್ತಿತ್ತು. ತನ್ನ ಇಂಗ್ಲಿಷ್ ಸಾಲದು ಎಂಬ ಚಿಂತೆ ಅವರಿಗಿತ್ತು. ಆದ್ದರಿಂದ ಲಂಡನ್ ಮೆಟ್ರಿಕ್ಯುಲೇಶನ್ ಪರೀಕ್ಷೆಗೂ ಕಟ್ಟಿದರು. ಅದಕ್ಕೆ ಲ್ಯಾಟಿನ್ ಭಾಷೆ ಕಡ್ಡಾಯ. ನಿಮಿಷ ನಿಮಿಷಕ್ಕೂ ವೇಳಾಪಟ್ಟಿ ಹಾಕಿಕೊಂಡು ಓದಿದರು. ಆದರೂ ಮೊದಲ ಸಲ ಲ್ಯಾಟಿನ್ನಿನಲ್ಲಿ ಫೇಲಾದರು! ಬೇಜಾರಾಯಿತು, ಆದರೆ ಬಿಡಲಿಲ್ಲ. 1890 ರಲ್ಲಿ ಮತ್ತೆ ಕಟ್ಟಿ ಪಾಸಾದರು.

ಮೊದಲ ಲೇಖನ

ಲಂಡನ್ನಿನಲ್ಲಿ ಮಾಂಸ ತಿನ್ನದವರ ಒಂದು ಸಂಘವಿತ್ತು. ಅವರದೊಂದು ವಾರಪತ್ರಿಕೆಯೂ ಇತ್ತು. ಗಾಂಧೀಜಿ ಆ ಸಂಘ ಸೇರಿದರು. ಸಭೆಯಲ್ಲಿ ಎದ್ದು ನಿಂತರೆ ನಾಲಿಗೆ ಏಳುತ್ತಿರಲಿಲ್ಲ. ಒಂದು ಸಲ ತಮ್ಮ ಅಭಿಪ್ರಾಯವನ್ನು ಕಾಗದದಲ್ಲಿ ಬರೆದುಕೊಂಡು ಹೋದರೂ ಓದಲು ಧೈರ್ಯ ಬಾರದೆ ಬೇರೆಯವರು ಓದಬೇಕಾಯಿತು. ಆದರೆ 1891 ರಲ್ಲಿ ಅದೇ ಪತ್ರಿಕೆಗೆ ಇಂಗ್ಲಿಷಿನಲ್ಲಿ ಲೇಖನಗಳನ್ನು ಬರೆದರು. ಆಗ ಅವರ ವಯಸ್ಸು ಇಪ್ಪತ್ತೊಂದು.

ಯಾವುದರ ಬಗ್ಗೆ ಬರೆದರು ಹೇಳಿ ನೋಡೋಣ? ಲಂಡನ್ನಿನ ದೊಡ್ಡ ಕಟ್ಟಡಗಳ ಬಗ್ಗೆ ಅಲ್ಲ. ನಮ್ಮ ದೇಶದ ಜನ ಏನು ಉಣ್ಣುತ್ತಾರೆ, ಹಬ್ಬ ಹೇಗೆ ಮಾಡುತ್ತಾರೆ, ಕುರುಬರು ದನಕುರಿ ಮೇಯಿಸುವವರು ಹೇಗೆ ಬದುಕುತ್ತಾರೆ ಎಂಬುದರ ಬಗ್ಗೆ! ಅದು ಅವರು ಕಣ್ಣಾರೆ ಕಂಡದ್ದು. ಗೊತ್ತಿರೋದನ್ನ ಬರೆದದ್ದರಿಂದ ಗೈಡು ಬೇಕಾಗಲಿಲ್ಲ. ನಮ್ಮೂರಲ್ಲೂ ಕುರಿ ಕಾಯುವವರ ಮಕ್ಕಳು ನಮ್ಮ ಕ್ಲಾಸಿನಲ್ಲೇ ಇದ್ದಾರೆ. ಅವರು ತಮ್ಮ ಮನೆ ವಿಷಯ ಬರೆದರೆ ಅದೂ ಲೇಖನವೇ ಅಂತ ನನಗೆ ಆಗ ತಿಳಿಯಿತು.

ಇಂಗ್ಲಿಷ್ ಮೇಷ್ಟ್ರ ಕೆಲಸ ಸಿಗಲಿಲ್ಲ

1891 ರ ಜೂನ್ 10 ರಂದು ಬ್ಯಾರಿಸ್ಟರ್ ಆಗಿ, 12 ರಂದೇ ಊರಿಗೆ ಹೊರಟರು. ಮುಂಬಯಿಯಲ್ಲಿ ವಕೀಲಿ ಶುರು ಮಾಡಿದರೆ ಮೊದಲ ಕೇಸಿನಲ್ಲೇ ತಲೆ ಸುತ್ತಿ, ಮಾತು ಹೊರಡದೆ ಕುಳಿತುಬಿಟ್ಟರು. ಖರ್ಚಿಗೆ ಬೇಕಲ್ಲ? ಒಂದು ಹೈಸ್ಕೂಲಿಗೆ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಕಲಿಸುವ ಮೇಷ್ಟ್ರು ಬೇಕು, ಸಂಬಳ 75 ರೂಪಾಯಿ ಅಂತ ಪತ್ರಿಕೆಯಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿದರು. ಹೋಗಿ ಕಂಡರೆ, ನೀವು ಪದವೀಧರರಲ್ಲ ಅಂತ ಹೇಳಿ ಕಳಿಸಿದರು. ಲಂಡನ್ ಮೆಟ್ರಿಕ್ಯುಲೇಶನ್ ಪಾಸಾಗಿದ್ದೇನೆ ಅಂದರೂ ಕೇಳಲಿಲ್ಲ.

ಆಮೇಲೆ ರಾಜಕೋಟೆಗೆ ಬಂದು ಜನರಿಗೆ ಅರ್ಜಿ, ಮನವಿ ಬರೆದುಕೊಡುವ ಕೆಲಸ ಹಿಡಿದರು. ತಿಂಗಳಿಗೆ ಸುಮಾರು 300 ರೂಪಾಯಿ ಬರುತ್ತಿತ್ತು. ಮಾತಿನಿಂದ ಆಗದ್ದು ಬರವಣಿಗೆಯಿಂದ ಆಯಿತು.

ಹತ್ತು ಸಾವಿರ ಸಹಿ

1893 ರಲ್ಲಿ ಒಂದು ಮೊಕದ್ದಮೆಯ ಕೆಲಸಕ್ಕೆ ದಕ್ಷಿಣ ಆಫ್ರಿಕಕ್ಕೆ ಹೋದರು. ರೈಲಿನಿಂದ ಹೊರಗೆ ತಳ್ಳಿದ ಕಥೆ ನಾವು ಓದಿದ್ದೇವೆ. ಅದರ ಮುಂದಿನ ಕಥೆ ಇದು. 1894 ರಲ್ಲಿ ಕೆಲಸ ಮುಗಿದು ಊರಿಗೆ ಹೊರಟಾಗ ಡರ್ಬನ್ನಿನಲ್ಲಿ ಬೀಳ್ಕೊಡುಗೆ ಕೂಟ ಏರ್ಪಾಡಾಗಿತ್ತು. ಅಲ್ಲಿ ಪತ್ರಿಕೆ ತಿರುವಿ ಹಾಕುತ್ತಿದ್ದಾಗ ಒಂದು ಮೂಲೆಯಲ್ಲಿ ಚಿಕ್ಕ ಸುದ್ದಿ ಕಂಡಿತು. ನಟಾಲ್ ಪ್ರಾಂತ್ಯದ ಭಾರತೀಯರ ಮತದ ಹಕ್ಕು ಕಿತ್ತುಕೊಳ್ಳುವ ಮಸೂದೆ ಬರುತ್ತಿದೆ ಎಂಬ ಸುದ್ದಿ. ಕೂಟದಲ್ಲಿದ್ದ ಯಾರಿಗೂ ಅದು ಗೊತ್ತಿರಲಿಲ್ಲ. ನೋಡಿ, ಪತ್ರಿಕೆ ಓದುವ ಅಭ್ಯಾಸ ಎಲ್ಲಿ ಉಪಯೋಗಕ್ಕೆ ಬಂತು! ಎಲ್ಲರೂ ಒತ್ತಾಯ ಮಾಡಿ ಗಾಂಧೀಜಿಯನ್ನು ನಿಲ್ಲಿಸಿಕೊಂಡರು.

ಶಾಸನಸಭೆಗೆ ಕೊಡುವ ಮನವಿ ಒಂದೇ ರಾತ್ರಿಯಲ್ಲಿ ಸಿದ್ಧವಾಗಬೇಕಾಗಿತ್ತು. ಗಾಂಧೀಜಿ ಬರೆದರು. ಇಂಗ್ಲಿಷ್ ಬಲ್ಲ, ಅಕ್ಷರ ಮುತ್ತಿನಂತಿದ್ದ ಒಬ್ಬ ಹಿರಿಯರು ಮುಖ್ಯ ಪ್ರತಿ ಬರೆದರು. ಒಬ್ಬರು ಓದಿ ಹೇಳುತ್ತಾ ಹೋದರು, ಉಳಿದವರು ಬರೆದುಕೊಂಡರು. ಹೀಗೆ ಒಟ್ಟಿಗೆ ಐದು ಪ್ರತಿ ತಯಾರಾದವು. ಆದರೂ ಮಸೂದೆ ಪಾಸಾಯಿತು.

ಅವರು ಸುಮ್ಮನೆ ಕೂರಲಿಲ್ಲ. ಲಂಡನ್ನಿನ ಮಂತ್ರಿ ಲಾರ್ಡ್ ರಿಪ್ಪನ್ನರಿಗೆ ಇನ್ನೊಂದು ದೊಡ್ಡ ಮನವಿ ಬರೆದರು. ಇದನ್ನು ಬರೆಯುವ ಮೊದಲು ಆ ವಿಷಯದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದರು. ಎರಡೇ ವಾರದಲ್ಲಿ ಹತ್ತು ಸಾವಿರ ಸಹಿ ಸೇರಿತು. ಊರೂರು ತಿರುಗಿ ಸಹಿ ಹಾಕಿಸಿದ ಸ್ವಯಂಸೇವಕರಿಗೆ ಒಂದು ನಿಯಮವಿತ್ತು. ಮನವಿಯಲ್ಲಿ ಏನಿದೆ ಅಂತ ಪೂರ್ತಿ ಅರ್ಥವಾಗದ ಒಬ್ಬನ ಸಹಿಯನ್ನೂ ತೆಗೆದುಕೊಳ್ಳಬಾರದು. ಆ ಮಸೂದೆಗೆ ಲಂಡನ್ನಿನಲ್ಲಿ ಒಪ್ಪಿಗೆ ಸಿಗಲಿಲ್ಲ. 1896 ರಲ್ಲಿ ಬೇರೆ ರೂಪದಲ್ಲಿ ಕಾನೂನು ಬಂತು ಅನ್ನೋದೂ ನಿಜ. ಆದರೆ ಹೆದರಿದ್ದ ಜನ ಒಂದಾದರು.

ಅಲ್ಲಿ ಗಾಂಧೀಜಿಗೆ ಒಂದು ನಾಚಿಕೆಯೂ ಆಯಿತು. ಅವರ ಅಕ್ಷರ ಚೆನ್ನಾಗಿರಲಿಲ್ಲ. ಅಕ್ಷರ ದುಂಡಾಗಿರೋದಕ್ಕೂ ವಿದ್ಯೆಗೂ ಸಂಬಂಧವಿಲ್ಲ ಅಂತ ಚಿಕ್ಕಂದಿನಲ್ಲಿ ತಿಳಿದುಕೊಂಡಿದ್ದರಂತೆ. ದಕ್ಷಿಣ ಆಫ್ರಿಕದ ವಕೀಲರ, ಯುವಕರ ಸುಂದರ ಅಕ್ಷರ ನೋಡಿದ ಮೇಲೆ ಪಶ್ಚಾತ್ತಾಪವಾಯಿತು. ಆಮೇಲೆ ತಿದ್ದಲು ನೋಡಿದರು, ಹೊತ್ತು ಮೀರಿತ್ತು. ಗೆಳೆಯರೇ, ನಮಗೆ ಇನ್ನೂ ಹೊತ್ತು ಮೀರಿಲ್ಲ.

ಹಸಿರು ಪುಸ್ತಕ ಮತ್ತು ಮೂರು ಸಾಲು

1896 ರಲ್ಲಿ ಗಾಂಧೀಜಿ ಊರಿಗೆ ಬಂದು, ದಕ್ಷಿಣ ಆಫ್ರಿಕದ ಭಾರತೀಯರ ಕಷ್ಟದ ಬಗ್ಗೆ ರಾಜಕೋಟೆಯಲ್ಲಿ ಸುಮಾರು ಒಂದು ತಿಂಗಳು ಕುಳಿತು ಇಂಗ್ಲಿಷಿನಲ್ಲಿ ಒಂದು ಚಿಕ್ಕ ಪುಸ್ತಕ ಬರೆದರು. ರಟ್ಟು ಹಸಿರು ಬಣ್ಣದ್ದಾದ್ದರಿಂದ ಅದಕ್ಕೆ ಹಸಿರು ಪುಸ್ತಕ ಅಂತಲೇ ಹೆಸರಾಯಿತು. ಹತ್ತು ಸಾವಿರ ಪ್ರತಿ ಅಚ್ಚಾಯಿತು. ಅಂಚೆಗೆ ಹಾಕಲು ಅಷ್ಟನ್ನೂ ಸುತ್ತಿ ಕಟ್ಟುವವರು ಯಾರು? ಬೀದಿಯ ಮಕ್ಕಳನ್ನು ಕರೆದು, ಬೆಳಿಗ್ಗೆ ಶಾಲೆ ಇಲ್ಲದ ಹೊತ್ತಿನಲ್ಲಿ ಎರಡು ಮೂರು ಗಂಟೆ ಸಹಾಯ ಮಾಡಿ ಅಂದರು. ಮಕ್ಕಳು ಖುಷಿಯಿಂದ ಮಾಡಿ ಮುಗಿಸಿದರು. ಅವರಿಗೆ ಗಾಂಧೀಜಿ ಕೊಟ್ಟ ಬಹುಮಾನ, ತಾವು ಕೂಡಿಟ್ಟಿದ್ದ ಹಳೆ ಅಂಚೆಚೀಟಿಗಳು.

ಆ ಪುಸ್ತಕದಲ್ಲಿ ಗಾಂಧೀಜಿ ಬೇಕೆಂದೇ ಮೆತ್ತಗೆ ಬರೆದಿದ್ದರು. ಇದ್ದ ಕಷ್ಟವನ್ನು ಜಾಸ್ತಿ ಮಾಡಿ ಹೇಳಿರಲಿಲ್ಲ. ಆದರೆ ಒಂದು ಸುದ್ದಿ ಸಂಸ್ಥೆ ಅದರ ಸಾರಾಂಶವನ್ನು ತಂತಿಯಲ್ಲಿ ಕಳಿಸಿತು. ಲಂಡನ್ನಿನಿಂದ ನಟಾಲಿಗೆ ಹೋದ ತಂತಿ ಮೂರು ಸಾಲಿಗಿಂತ ಹೆಚ್ಚಿರಲಿಲ್ಲ. ಆ ಮೂರು ಸಾಲಿನಲ್ಲಿ ವಿಷಯವೆಲ್ಲ ಕೆಟ್ಟು, ಗಾಂಧಿ ನಮ್ಮನ್ನು ಸಿಕ್ಕಾಪಟ್ಟೆ ಬೈದಿದ್ದಾನೆ ಅಂತ ಅಲ್ಲಿನ ಬಿಳಿಯರು ತಿಳಿದರು. 1897 ರ ಜನವರಿ 13 ರಂದು ಗಾಂಧೀಜಿ ಡರ್ಬನ್ನಿನಲ್ಲಿ ಇಳಿದಾಗ ಗುಂಪು ಮುತ್ತಿಕೊಂಡಿತು. ಕಲ್ಲು, ಇಟ್ಟಿಗೆ ಚೂರು, ಕೊಳೆತ ಮೊಟ್ಟೆ ಎಸೆದರು. ಒದ್ದರು, ಹೊಡೆದರು. ಆ ದಾರಿಯಲ್ಲಿ ಬರುತ್ತಿದ್ದ ಪೊಲೀಸ್ ಸೂಪರಿಂಟೆಂಡೆಂಟರ ಹೆಂಡತಿ ಕೊಡೆ ಬಿಚ್ಚಿ ಅಡ್ಡ ನಿಂತು ಅವರ ಜೀವ ಉಳಿಸಿದರು.

ಗಾಂಧೀಜಿ ಏನು ಬರೆದಿದ್ದರು ಅಂತ ತೋರಿಸುವುದಕ್ಕೆ ಪುಸ್ತಕ ಇತ್ತು. ಭಾರತದಲ್ಲಿ ಮಾಡಿದ ಭಾಷಣಗಳನ್ನೂ ಅವರು ಮೊದಲೇ ಬರೆದಿಟ್ಟುಕೊಂಡು ಓದಿದ್ದರು. ಹಾಗೆ ಮಾಡು ಅಂತ ಹೇಳಿಕೊಟ್ಟವರು ಸರ್ ಫಿರೋಜ್ ಶಾ ಮೆಹ್ತಾ. ಆ ಪ್ರತಿಗಳೆಲ್ಲ ಇದ್ದದ್ದರಿಂದ ತಾನು ಸುಳ್ಳು ಹೇಳಿಲ್ಲ ಎಂದು ಪತ್ರಿಕೆಯವರಿಗೆ ಒಂದೊಂದಾಗಿ ಉತ್ತರ ಕೊಟ್ಟರು. ಅಲ್ಲಿನ ಪತ್ರಿಕೆಗಳೇ ಇವರದು ತಪ್ಪಿಲ್ಲ ಅಂತ ಬರೆದವು. ಹೊಡೆದವರ ಮೇಲೆ ಕೇಸು ಹಾಕಲು ಗಾಂಧೀಜಿ ಒಪ್ಪಲಿಲ್ಲ.

ಒಬ್ಬರು ಬರೆದದ್ದನ್ನು ಇನ್ನೊಬ್ಬರು ಸಾರಾಂಶ ಮಾಡುವಾಗ ಎಷ್ಟು ಜೋಪಾನವಾಗಿರಬೇಕು ನೋಡಿ. ಮೂರು ಸಾಲು ತಪ್ಪಾದರೆ ಒಬ್ಬ ಮನುಷ್ಯನ ಜೀವಕ್ಕೇ ಬರುತ್ತದೆ. ನಾವು ಪಾಠದ ಸಾರಾಂಶ ಬರೆಯುವಾಗ ಇದು ನೆನಪಿರಲಿ.

ವಾರ ವಾರವೂ ಬರವಣಿಗೆ

1903 ರ ಜೂನ್ 4 ರಂದು ದಕ್ಷಿಣ ಆಫ್ರಿಕದಲ್ಲಿ ಇಂಡಿಯನ್ ಒಪಿನಿಯನ್ ಎಂಬ ವಾರಪತ್ರಿಕೆ ಶುರುವಾಯಿತು. ಗಾಂಧೀಜಿ ವಾರ ವಾರವೂ ಅದಕ್ಕೆ ಬರೆದರು. ಯೋಚಿಸದೆ ಒಂದು ಪದವನ್ನೂ ಬರೆಯಬಾರದು, ಇದ್ದದ್ದಕ್ಕಿಂತ ಹೆಚ್ಚು ಹೇಳಬಾರದು, ಸುಮ್ಮನೆ ಮೆಚ್ಚಿಸಲು ಬರೆಯಬಾರದು ಎಂದು ತಮಗೆ ತಾವೇ ಕಟ್ಟು ಹಾಕಿಕೊಂಡಿದ್ದರು. ಆ ಪತ್ರಿಕೆ ತನಗೆ ಸಂಯಮ ಕಲಿಸಿದ ಶಾಲೆ ಅಂತ ಅವರು ಭಾವಿಸಿದ್ದರು.

1909 ರ ನವೆಂಬರಿನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹಡಗಿನಲ್ಲಿ ಬರುತ್ತಾ ಹಿಂದ್ ಸ್ವರಾಜ್ ಪುಸ್ತಕವನ್ನು ಹತ್ತೇ ದಿನದಲ್ಲಿ ಬರೆದು ಮುಗಿಸಿದರು. ಬಲಗೈ ಸೋತಾಗ ಎಡಗೈಯಲ್ಲಿ ಬರೆದರು! ಅದನ್ನು ಬರೆದದ್ದು ಗುಜರಾತಿಯಲ್ಲಿ. ಆಮೇಲೆ 1910 ರಲ್ಲಿ ತಾವೇ ಇಂಗ್ಲಿಷಿಗೆ ಮಾಡಿದರು. ಮೊದಲ ಸಲ ಲಂಡನ್ನಿಗೆ ಹೋಗುವಾಗ ಹಡಗಿನಲ್ಲಿ ಒಂದು ವಾಕ್ಯ ಹೇಳಲು ಹೆದರಿ ಕೋಣೆ ಸೇರಿದವರು ಇವರೇನಾ ಅಂತ ನನಗೆ ಆಶ್ಚರ್ಯವಾಯಿತು.

1917 ರಲ್ಲಿ ಬಿಹಾರದ ಚಂಪಾರಣಕ್ಕೆ ಹೋದರು. ಅಲ್ಲಿ ರೈತರು ತಮ್ಮ ಜಮೀನಿನ ಇಪ್ಪತ್ತರಲ್ಲಿ ಮೂರು ಪಾಲಿನಲ್ಲಿ ನೀಲಿ ಬೆಳೆಯಲೇಬೇಕಿತ್ತು. ಗಾಂಧೀಜಿ ಭಾಷಣ ಮಾಡುತ್ತಾ ತಿರುಗಲಿಲ್ಲ. ತಮ್ಮ ಜೊತೆಯವರನ್ನು ಕೂರಿಸಿ ಒಬ್ಬೊಬ್ಬ ರೈತನ ಹೇಳಿಕೆಯನ್ನೂ ಬರೆಸಿಕೊಂಡರು. ಬರೆದುಕೊಳ್ಳುವವರು ತಿರುಗಿಸಿ ತಿರುಗಿಸಿ ಪ್ರಶ್ನೆ ಕೇಳಬೇಕು. ಸರಿಹೊಂದದ ಹೇಳಿಕೆಯನ್ನು ಬಿಟ್ಟುಬಿಡಬೇಕು. ಹೀಗೆ ಪರೀಕ್ಷಿಸಿ ಬರೆದದ್ದರಿಂದ ಸರ್ಕಾರ ಅದನ್ನು ತಳ್ಳಿಹಾಕಲು ಆಗಲಿಲ್ಲ. 1918 ರಲ್ಲಿ ಕಾನೂನು ಬಂದು ಆ ಕಟ್ಟುಪಾಡು ತಪ್ಪಿತು.

ಆಮೇಲೆ ಯಂಗ್ ಇಂಡಿಯಾ, ನವಜೀವನ, ಹರಿಜನ ಪತ್ರಿಕೆಗಳಲ್ಲಿ ಬರೆಯುತ್ತಲೇ ಹೋದರು. 1924 ರಲ್ಲಿ ನಮ್ಮ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದರು. ಮರು ವರ್ಷ, 1925 ರಲ್ಲಿ, ಆತ್ಮಕಥೆ ಬರೆಯಲು ಶುರು ಮಾಡಿದರು. ಇಂಗ್ಲಿಷ್ ಅಷ್ಟು ಚೆನ್ನಾಗಿ ಬರುತ್ತಿದ್ದರೂ ಅದನ್ನು ಬರೆದದ್ದು ತಾಯಿನುಡಿ ಗುಜರಾತಿಯಲ್ಲಿ, ವಾರಕ್ಕೊಂದು ಅಧ್ಯಾಯದಂತೆ. ಇಂಗ್ಲಿಷಿಗೆ ಮಾಡಿದವರು ಮಹಾದೇವ ದೇಸಾಯಿ. ಒಂದು ಕಡೆ ಬರೆದ ಕಾಗದವನ್ನು ಗಾಂಧೀಜಿ ಬಿಸಾಡುತ್ತಿರಲಿಲ್ಲ, ಹಿಂದುಗಡೆಯ ಖಾಲಿ ಪುಟದಲ್ಲಿ ಬರೆಯುತ್ತಿದ್ದರು.

1948 ರ ಜನವರಿ 30 ರಂದು ದೆಹಲಿಯಲ್ಲಿ ಗಾಂಧೀಜಿ ಗುಂಡೇಟಿಗೆ ಬಲಿಯಾದರು. ಅವರು ಬರೆದದ್ದು, ಮಾತಾಡಿದ್ದು ಎಲ್ಲ ಸೇರಿಸಿ ಇಂಗ್ಲಿಷಿನಲ್ಲಿ 100 ಸಂಪುಟಗಳಾಗಿವೆ. ಕೆಟಲ್ ಸ್ಪೆಲಿಂಗ್ ಬಾರದ ಹುಡುಗನ 100 ಸಂಪುಟ!

ನಾನು ಕಲಿತ ಪಾಠಗಳು

1. ಕಾಪಿ ಮಾಡಿ ಸರಿ ಬರೆಯುವುದಕ್ಕಿಂತ ಸ್ವಂತವಾಗಿ ತಪ್ಪು ಬರೆಯುವುದು ವಾಸಿ. ತಪ್ಪನ್ನು ತಿದ್ದಬಹುದು.
2. ವಾಕ್ಯವನ್ನು ಮೊದಲು ಮನಸ್ಸಿನಲ್ಲಿ ಜೋಡಿಸಿಕೊಂಡು ಆಮೇಲೆ ಬರೆಯಬೇಕು. ಮೊದಲು ಕನ್ನಡದಲ್ಲಿ ಯೋಚಿಸಿದರೂ ತಪ್ಪಿಲ್ಲ.
3. ದಿನಾ ಸ್ವಲ್ಪವಾದರೂ ಇಂಗ್ಲಿಷ್ ಓದಬೇಕು, ಒಂದೆರಡು ಸಾಲಾದರೂ ಬರೆಯಬೇಕು.
4. ನೋಡಿದ್ದನ್ನು, ಗೊತ್ತಿರುವುದನ್ನು ಬರೆಯಬೇಕು. ಗೊತ್ತಿಲ್ಲದಿದ್ದರೆ ಓದಿ, ಕೇಳಿ ತಿಳಿದು ಬರೆಯಬೇಕು.
5. ಇದ್ದದ್ದಕ್ಕಿಂತ ಜಾಸ್ತಿ ಹೇಳಬಾರದು. ಸಾರಾಂಶ ಬರೆದರೆ ಅರ್ಥ ಕೆಡಬಾರದು.
6. ಅಕ್ಷರ ದುಂಡಾಗಿರಬೇಕು.
7. ಫೇಲಾದರೆ ಮತ್ತೆ ಕಟ್ಟಬೇಕು.

ಕಡೆಯದಾಗಿ, ಚೀಟಿಯ ಕಥೆ ಓದಿದ ಮೇಲೆ ನಾನೂ ಒಂದು ಚೀಟಿ ಬರೆದು ನಮ್ಮ ಮೇಷ್ಟ್ರಿಗೆ ಕೊಟ್ಟೆ. ಪ್ರಬಂಧ ಗೈಡಿನದು, ನನಗೆ ಮತ್ತೆ ಬರೆಯಲು ಅವಕಾಶ ಕೊಡಿ ಅಂತ. ಮೇಷ್ಟ್ರು ಹರಿದು ಹಾಕಲಿಲ್ಲ, ಜೇಬಿನಲ್ಲಿ ಇಟ್ಟುಕೊಂಡರು. ಬರೀ, ತಪ್ಪಾದರೆ ಇಬ್ಬರೂ ತಿದ್ದೋಣ ಅಂದರು. ನಾನು ನಮ್ಮ ಕೆರೆ ಬಗ್ಗೆ ಎಂಟು ವಾಕ್ಯ ಬರೆದೆ. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತೆ, ಬೇಸಿಗೆಯಲ್ಲಿ ನಾವು ಎಲ್ಲಿ ಸ್ಟಂಪು ನೆಡುತ್ತೇವೆ, ಅಮ್ಮ ಎಲ್ಲಿ ಬಟ್ಟೆ ಒಗೆಯುತ್ತಾರೆ ಅಂತ. ಕೆಂಪು ಇಂಕಿನ ಗುರುತು ಹದಿನಾಲ್ಕು ಬಿದ್ದಿವೆ. ಒಂದು ವಾಕ್ಯದಲ್ಲಿ ಮೂರು ತಪ್ಪು. ಆದರೆ ಒಂದೂ ಸುಳ್ಳಿಲ್ಲ. ಎರಡು ಸಲ ತಿದ್ದಿ ಬರೆದದ್ದನ್ನು ಈ ಲೇಖನದ ಪಕ್ಕದಲ್ಲೇ ಅಂಟಿಸಿದ್ದೇನೆ. ಓದಿ, ನಗಬೇಡಿ. ನಕ್ಕರೂ ಪರವಾಗಿಲ್ಲ, ಉಳಿದ ಹತ್ತು ಜನ ನದಿಯವರು ನಿಮ್ಮ ನಿಮ್ಮ ಕೆರೆ, ಹೊಲ, ದನದ ಕೊಟ್ಟಿಗೆ ಬಗ್ಗೆ ಬರೆದು ತನ್ನಿ. ಇನ್ನೂ ಗೋಡೆಯಲ್ಲಿ ಜಾಗ ಇದೆ.

ಈ ಲೇಖನದಲ್ಲಿ ಏನಾದರೂ ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ಕೋರುತ್ತೇನೆ.

ಇಂತಿ ನಿಮ್ಮ ಸಹಪಾಠಿ,
ಏಳನೇ ತರಗತಿ